ಕಡಬ ಉಳಿಯಿತು, ಉಡುಪಿ ಒಡೆಯಿತು

ಮಾಷ್ಟ್ರು ಪ್ರಿಂಟೌಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ಸರಿ ಮಾಡಿಕೊಂಡರು.

"ಎಂತ ಮಾರಾಯ ಇದು? ನಾನು ಕೇಳಿದ್ದು ಶಬ್ದದ ಪಟ್ಟಿ. ನೀನು ವರ್ಣಮಾಲೆ ತಂದಿದ್ದೀಯಲ್ಲ!"

ಹೌದು. ಮೊದಲ ಸಾಲಿನಲ್ಲಿ 'ರ'. ಅದರ ಕೆಳಗೆ 'ದ'. ಆಮೇಲೆ 'ತ', 'ಲ', 'ಕ'. ಅತಿ ಹೆಚ್ಚು ಸಲ ಬಂದ ಶಬ್ದಗಳಂತೆ ಇವು.

ಕಡಬದ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಇವರು. ನಿವೃತ್ತರಾದ ಮೇಲೆ ಬ್ರಹ್ಮಾವರದ ತಮ್ಮ ಮನೆಗೆ ಬಂದು, ಕುಂದಾಪ್ರ ಕನ್ನಡದ ಮಾತುಗಳನ್ನೆಲ್ಲ ಕೂಡಿಹಾಕುತ್ತಿದ್ದಾರೆ. ಎಲ್ಲವನ್ನೂ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ತಾವೇ ಟೈಪ್ ಮಾಡಿದ್ದು. ಯಾವ ಶಬ್ದ ಎಷ್ಟು ಸಲ ಬಂದಿದೆ, ಯಾವ ಫೈಲಿನಲ್ಲಿದೆ ಎಂದು ಒಂದು ಪಟ್ಟಿ ಬೇಕಿತ್ತು ಅವರಿಗೆ. ನಾನು ಮಂಗಳೂರಿನಲ್ಲಿ ಪೈಥಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆದೇ ಸಂಬಳ ತೆಗೆದುಕೊಳ್ಳುವವ. "ಅದು ಹತ್ತು ಸಾಲಿನ ಕೆಲಸ ಮಾಷ್ಟ್ರೇ, ಭಾನುವಾರ ತರ್ತೇನೆ" ಅಂದುಬಿಟ್ಟಿದ್ದೆ.

ಹತ್ತು ಸಾಲೇ ಆಯಿತು. ಫೈಲ್ ಓದು, ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ಸೂತ್ರ) ಹಾಕಿ ಶಬ್ದ ಬಿಡಿಸು, ಎಣಿಸಲು ಕೌಂಟರ್‌ಗೆ ಕೊಡು. ಶಬ್ದ ಬಿಡಿಸಲು ಎಲ್ಲರೂ ಬಳಸುವುದು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ, ಅಂದರೆ ಶಬ್ದದ ಒಂದು ಅಕ್ಷರ; ಅದರ ಮುಂದೆ ಒಂದು ಪ್ಲಸ್, ಅಂದರೆ ಅಂಥವು ಸಾಲಾಗಿ ಎಷ್ಟು ಬಂದರೂ. ಕನ್ನಡಕ್ಕೆ ನಡೆಯುತ್ತದಾ ಎಂದು ಪೈಥಾನಿನ ದಾಖಲೆ ತೆಗೆದು ನೋಡಿದ್ದೆ ಕೂಡ. ಯಾವುದೇ ಭಾಷೆಯ ಶಬ್ದದಲ್ಲಿ ಬರಬಹುದಾದ ಹೆಚ್ಚಿನ ಅಕ್ಷರಗಳೂ ಇದಕ್ಕೆ ಹೊಂದುತ್ತವೆ ಎನ್ನುವ ಅರ್ಥದ ಮಾತು ಅಲ್ಲಿತ್ತು. ಸಾಕಲ್ವಾ? ಆದರೂ ಒಮ್ಮೆ ಪರೀಕ್ಷೆ ಮಾಡುವ ಎಂದು ನಮ್ಮೂರಿನ ಹೆಸರು ಹಾಕಿದೆ: ಕಡಬ. ಇಡೀ ಶಬ್ದ ಹಾಗೇ ಬಂತು. ಆಯ್ತು ಎಂದು ಎಲ್ಲ ಫೈಲುಗಳನ್ನೂ ಓಡಿಸಿ, ಔಟ್‌ಪುಟ್ ತೆರೆದು ನೋಡದೆ ಪ್ರಿಂಟ್ ಕೊಟ್ಟು ಬಸ್ ಹತ್ತಿದ್ದೆ.

ಆ ಭಾನುವಾರ ಬರಿಗೈಯಲ್ಲಿ ಮಂಗಳೂರಿಗೆ ವಾಪಸ್. ನನ್ನ ಮೊದಲ ಸಂಶಯ ಫಾಂಟಿನ ಮೇಲೆ. ಮಾಷ್ಟ್ರ ಹಳೇ ಫೈಲುಗಳು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಪದ್ಧತಿ) ಅಲ್ಲ, ಕನ್ವರ್ಟರ್‌ಗೆ ಹಾಕಿ ಬದಲಾಯಿಸಿದ್ದು. ಅಲ್ಲೇ ಎಡವಟ್ಟಾಗಿರಬೇಕು ಎಂದುಕೊಂಡು ಎರಡು ರಾತ್ರಿ ಅದರಲ್ಲೇ ಕಳೆದೆ. ಒಂದು ಸಣ್ಣ ಲಾಭವಾಯಿತು. 'ಕೊ' ಎಂಬ ಅಕ್ಷರ ಕೆಲವು ಕಡೆ ಒಂದೇ ಒತ್ವದ ಚಿಹ್ನೆಯಾಗಿಯೂ, ಇನ್ನು ಕೆಲವು ಕಡೆ ಎತ್ವ ಮತ್ತು ಊತ್ವ ಎಂದು ಎರಡು ತುಂಡಾಗಿಯೂ ಕೂತಿತ್ತು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಮಾಡಿ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತಂದು, ಸರಿಪಡಿಸಿದೆ. ಆದರೆ ಪಟ್ಟಿಯ ತಲೆಯಲ್ಲಿ ಮತ್ತೆ 'ರ'ವೇ.

ಮೂರನೇ ರಾತ್ರಿ ಮಾಷ್ಟ್ರ ಫೋನ್. ಪ್ರಿಂಟೌಟನ್ನು ಅವರು ಬಿಸಾಡಿರಲಿಲ್ಲ. ಹತ್ತನೇ ಕ್ಲಾಸಿನ ಪೇಪರ್ ತಿದ್ದಿದ ಹಾಗೆ ಕೆಂಪು ಪೆನ್ನು ಹಿಡಿದು ಕೂತಿದ್ದರಂತೆ.

"ನಿನ್ನ ಮೆಷಿನ್‌ಗೆ ಕಾಗುಣಿತ ಬರೂದಿಲ್ಲ ಮಾರಾಯ. 'ಮರ' ಸರಿ ಉಂಟು. 'ಅಗಲ' ಸರಿ ಉಂಟು. ಎಲ್ಲಿ ಕೊಂಬು, ಗುಡಿಸು, ಒತ್ತು, ಸೊನ್ನೆ ಬಂತೋ ಅಲ್ಲಿ ಕತ್ತರಿ ಹಾಕಿದೆ."

ನಾನು ಕೂಡಲೇ 'ಮಂಗಳೂರು' ಕೊಟ್ಟು ನೋಡಿದೆ. ಬಂದದ್ದು ಮೂರು ತುಂಡು: 'ಮ', 'ಗಳ', 'ರ'. 'ಉಡುಪಿ' ಕೊಟ್ಟರೆ 'ಉಡ' ಮತ್ತು 'ಪ'. 'ಪಡುಬಿದ್ರಿ'ಯದ್ದು ಕೇಳಲೇಬೇಡಿ, ನಾಲ್ಕು ಚೂರು. ಕಡಬ ಯಾಕೆ ಉಳಿಯಿತು ಎಂದು ಆಗ ಹೊಳೆಯಿತು. ಮೂರೂ ಬರೀ ಅಕಾರದ ಅಕ್ಷರ. ನಮ್ಮ ಜಿಲ್ಲೆಯ ಊರುಗಳಲ್ಲಿ ಹುಡುಕಿ ಹುಡುಕಿ ಅಂಥದ್ದನ್ನೇ ಪರೀಕ್ಷೆಗೆ ಆರಿಸಿದ್ದೆ!

ಒಳಗೆ ನಡೆಯುವುದು ಇಷ್ಟು. ಯೂನಿಕೋಡಿನಲ್ಲಿ ಪ್ರತಿ ಸಂಕೇತಕ್ಕೂ ಒಂದು ವರ್ಗ ಇದೆ. ಅ, ಕ, ರ ಇವೆಲ್ಲ 'ಲೆಟರ್'. ಆದರೆ ಕೊಂಬು, ಗುಡಿಸು, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ, ವಿಸರ್ಗ ಇವೆಲ್ಲ 'ಮಾರ್ಕ್'. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಂದಾಗ ಪೈಥಾನ್ ಕೇಳುವುದು ಒಂದೇ: ಇದು ಲೆಟರಾ, ಅಂಕಿಯಾ, ಅಂಡರ್‌ಸ್ಕೋರಾ? ಮಾರ್ಕ್ ಮೂರೂ ಅಲ್ಲ. ಹಾಗಾಗಿ ಕಾಗುಣಿತದ ಚಿಹ್ನೆಯೂ ಒಂದೇ, ಅಲ್ಪವಿರಾಮವೂ ಒಂದೇ ಅದಕ್ಕೆ. ಇಂಗ್ಲಿಷ್‌ನಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ನಮ್ಮ ಭಾಷೆಯಲ್ಲಿ ಸಾಲಿಗೆ ಹತ್ತು ಸಲ ಕಾಣುತ್ತದೆ.

ನನಗೆ ಸಿಟ್ಟು ಬಂದದ್ದು ನಡವಳಿಕೆಗಿಂತ ಜಾಸ್ತಿ ದಾಖಲೆಯ ಮೇಲೆ. ಸ್ಟ್ರಿಂಗಿನಲ್ಲಿ (ಅಕ್ಷರಗಳ ಸಾಲಿನಲ್ಲಿ) ಬರೀ ಅಕ್ಷರಗಳೇ ಇವೆಯಾ ಎಂದು ನೋಡುವ ಈಸ್‌ಆಲ್ಫಾ ಎಂಬ ಮೆಥಡ್‌ನ ಪುಟದಲ್ಲಿ, ನಾವು ಲೆಟರ್ ವರ್ಗವನ್ನು ಮಾತ್ರ ನೋಡುತ್ತೇವೆ, ಯೂನಿಕೋಡಿನವರು 'ಆಲ್ಫಬೆಟಿಕ್' ಎನ್ನುವುದು ಬೇರೆ ಎಂದು ಸರಿಯಾಗಿ ಹೇಳಿದ್ದಾರೆ. ರೆಜೆಕ್ಸ್ ಪುಟದಲ್ಲಿ ಮಾತ್ರ 'ಹೆಚ್ಚಿನ ಅಕ್ಷರಗಳು'. ಆ 'ಹೆಚ್ಚಿನ' ಎಂಬ ಮಾತಿನ ಆಚೆ ಉಳಿದದ್ದು ನಮ್ಮ ಇಡೀ ಕಾಗುಣಿತ ಎಂದು ಯಾರಿಗೆ ಗೊತ್ತಾಗಬೇಕು? ಈಚಿನ ಆವೃತ್ತಿಗಳ ದಾಖಲೆಯಲ್ಲಿ ಆ ವಾಕ್ಯ ತೆಗೆದು, ಅಕ್ಷರವಾ, ಅಂಕಿಯಾ ಎಂದು ನೋಡುವ ಈಸ್‌ಆಲ್‌ನಮ್ ಹೇಳಿದ್ದೇ ಲೆಕ್ಕ ಎಂದು ಬರೆದಿದ್ದಾರೆ. ಪೈಥಾನಿನ ಬಗ್ ಪಟ್ಟಿಯಲ್ಲಿ ಈ ದೂರು 2011ರಲ್ಲೇ ದಾಖಲಾಗಿತ್ತು. ರೆಜೆಕ್ಸ್‌ಗೆ ಯೂನಿಕೋಡಿನವರದ್ದೇ ಒಂದು ಮಾರ್ಗಸೂಚಿ ಇದೆ, ಅದರಲ್ಲಿ ಮಾರ್ಕ್‌ಗಳನ್ನೂ ಶಬ್ದದೊಳಗೆ ಸೇರಿಸಿ ಎಂದೇ ಇದೆ. ಪರ್ಲ್ ಭಾಷೆ ಹಾಗೆ ಸೇರಿಸುತ್ತದೆ. ಜಾವಾಸ್ಕ್ರಿಪ್ಟಿನ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂಗೆ ಕನ್ನಡ ಅಕ್ಷರವೇ ಕಾಣುವುದಿಲ್ಲ. ನನ್ನ ಪ್ರಕಾರ ಅದೇ ವಾಸಿ. ಏನೂ ಬರದಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅರ್ಧ ಬಂದರೆ ಮೂರು ರಾತ್ರಿ ಹೋಗುತ್ತದೆ.

ತಮಾಷೆ ನೋಡಿ. 'ಉಡುಪಿ' ಬರೀ ಅಕ್ಷರಗಳ ಸ್ಟ್ರಿಂಗಾ ಎಂದು ಈಸ್‌ಆಲ್ಫಾವನ್ನು ಕೇಳಿದರೆ ಪೈಥಾನ್ ಫಾಲ್ಸ್ ಎನ್ನುತ್ತದೆ. ಅದೇ 'ಉಡುಪಿ' ಹೆಸರಿನಲ್ಲಿ ಒಂದು ವೇರಿಯಬಲ್ ಮಾಡಿ, ತಕರಾರಿಲ್ಲದೆ ಓಡುತ್ತದೆ. ಇನ್ನು ಅಂಕಿಗಳಿಗಂತೂ ರಾಜಮರ್ಯಾದೆ. ಮಾಷ್ಟ್ರು ಪುಟಸಂಖ್ಯೆಗಳನ್ನು ಕನ್ನಡ ಅಂಕಿಯಲ್ಲೇ ಹಾಕಿದ್ದರು. '೧೨' ಎಂಬ ಸ್ಟ್ರಿಂಗನ್ನು ಸಂಖ್ಯೆಯಾಗಿ ಬದಲಾಯಿಸುವ ಇಂಟ್‌ಗೆ ಕೊಟ್ಟರೆ ಸೀದಾ 12 ಎಂದು ತೆಗೆದುಕೊಂಡಿತು.

ನಿಜವಾಗಿ ಹೆದರಿಸಿದ್ದು ಬ್ಯಾಕ್‌ಸ್ಲ್ಯಾಶ್ ಬಿ, ಅಂದರೆ ಶಬ್ದದ ಗಡಿ. 'ಇಡೀ ಶಬ್ದ ಮಾತ್ರ ಹುಡುಕು' ಎಂಬ ಒಂದು ಆಯ್ಕೆಯನ್ನು ಮಾಷ್ಟ್ರಿಗಾಗಿ ಸೇರಿಸಿದ್ದೆ. ಎರಡೂ ಬದಿಗೆ ಗಡಿ ಹಾಕಿ 'ಮರ' ಹುಡುಕಿದರೆ 'ಮರಿ', 'ಮರುಳ' ಎಲ್ಲ ಬಂತು. 'ರ' ಆದ ಮೇಲೆ ಗುಡಿಸು ಬಂದರೆ ಪೈಥಾನ್ ಪಾಲಿಗೆ ಶಬ್ದ ಅಲ್ಲಿಗೇ ಮುಗಿಯಿತಲ್ಲ. 'ಗಾಳಿ' ಹುಡುಕಿದರೆ ಇನ್ನೂ ವಿಚಿತ್ರ: 'ಗಾಳಿಯ' ಸಿಕ್ಕಿತು, 'ಗಾಳಿ' ಸಿಗಲಿಲ್ಲ! ಗುಡಿಸು ಶಬ್ದದ ಭಾಗವಲ್ಲ, ಆಚೆಗಿನ ಖಾಲಿ ಜಾಗವೂ ಶಬ್ದದ ಭಾಗವಲ್ಲ, ಹಾಗಾಗಿ ಎರಡರ ನಡುವೆ ಗಡಿಯೇ ಇಲ್ಲ. 'ಯ' ಬಂದರೆ ಮಾತ್ರ ಗಡಿ. ಹೀಗೆ ಹುಡುಕಿದವರು ಆ ಶಬ್ದವೇ ಇಲ್ಲ ಎಂದು ನಂಬಿಬಿಡುತ್ತಾರೆ.

ರಿಪೇರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೈಥಾನಿಗೆ ಹೊಸ ಮಾಡ್ಯೂಲ್ ತರಿಸುವ ಪಿಪ್‌ನಲ್ಲಿ 'ರೆಜೆಕ್ಸ್' ಹೆಸರಿನದೇ ಒಂದು ಬೇರೆ ಮಾಡ್ಯೂಲ್ ಸಿಗುತ್ತದೆ, ಅದರ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ 'ಮಂಗಳೂರು' ಎಂಬುದನ್ನು ಇಡಿಯಾಗಿ ಕೊಡುತ್ತದೆ. ನಿಮ್ಮ ಫೈಲಿನಲ್ಲಿ ಹಲವು ಭಾಷೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಮಾಷ್ಟ್ರ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಇಲ್ಲ, ಸುಮ್ನೆ ಇನ್‌ಸ್ಟಾಲ್ ರಗಳೆ ಬೇಡ ಎಂದು ನಾನು ಬೇರೆ ದಾರಿ ಹಿಡಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವ 128 ಜಾಗ, ಹೆಕ್ಸ್ ಲೆಕ್ಕದಲ್ಲಿ 0ಸಿ80ರಿಂದ 0ಸಿಎಫ್ಎಫ್‌ವರೆಗೆ, ಅಷ್ಟನ್ನೂ ಚೌಕ ಬ್ರಾಕೆಟಿನಲ್ಲಿ ಹಾಕಿ ಮುಂದೆ ಪ್ಲಸ್. ಪದ್ಯದ ದಂಡ ಈ ಜಾಗದಲ್ಲಿಲ್ಲ, ದೇವನಾಗರಿಯದರಲ್ಲಿದೆ. ಹಾಗಾಗಿ ಅದು ತಾನಾಗಿಯೇ ಹೊರಗುಳಿಯಿತು. ಆದರೆ 'ಸಾಫ್ಟ್‌ವೇರ್' ಥರದ ಶಬ್ದಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಝೀರೋ ವಿಡ್ತ್ ನಾನ್‌ಜಾಯ್ನರ್, ಅದರ ತಮ್ಮ ಝೀರೋ ವಿಡ್ತ್ ಜಾಯ್ನರ್. ಆ ಎರಡನ್ನೂ ಕೈಯಾರೆ ಸೇರಿಸಬೇಕಾಯಿತು.

ಈಗ ನನ್ನ ಪರೀಕ್ಷೆಯ ಶಬ್ದ ಕಡಬ ಅಲ್ಲ, ಕುಂದಾಪ್ರದವರು ಕರೆಯುವ 'ಹ್ವಾಯ್'. ಮೂರು ಅಕ್ಷರ, ಮೂರಕ್ಕೂ ಚಿಹ್ನೆ.

ಮುಂದಿನ ಭಾನುವಾರ ಹೊಸ ಪ್ರಿಂಟೌಟ್ ಹಿಡಿದು ಹೋದೆ. ಮಳೆ ಜೋರು, ಕರೆಂಟ್ ಇರಲಿಲ್ಲ. ಮಾಷ್ಟ್ರು ಗೋಳಿಬಜೆ ಪ್ಲೇಟನ್ನು ನನ್ನ ಕಡೆ ತಳ್ಳಿ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಶಬ್ದಗಳೆಲ್ಲ ಇಡಿಯಾಗಿದ್ದವು. ಮಕಾರದ ಪುಟದಲ್ಲಿ ಕೆಂಪು ಪೆನ್ನು ನಿಂತಿತು.

"'ಮಳಿ' ಆದ ಮೇಲೆ 'ಮಸಿ' ಹೇಗೆ ಬಂತು? ಳ ಎಲ್ಲಿ ಬರಬೇಕು? ಹೇಳು ನೋಡುವ."

"ಹ ಆದ ಮೇಲೆ ಮಾಷ್ಟ್ರೇ" ಅಂದೆ. ಯೂನಿಕೋಡ್ ಅದನ್ನು ಲ ಪಕ್ಕದಲ್ಲಿ ಕೂರಿಸಿದೆ, ಪೈಥಾನ್ ಆ ನಂಬರ್ ನೋಡಿಯೇ ಜೋಡಿಸುತ್ತದೆ ಎಂದು ವಿವರಿಸಲು ಹೊರಟೆ. ಅವರು ಆಗಲೇ ಹಾಳೆಯ ಅಂಚಿನಲ್ಲಿ ಯ ರ ಲ ವ ಶ ಷ ಸ ಹ ಳ ಎಂದು ದೊಡ್ಡದಾಗಿ ಬರೆದು ನನ್ನ ಕೈಗೆ ಕೊಟ್ಟಿದ್ದರು.