ಫ್ರೀಹೋಲ್ಡರ್ ಅನ್ನೋ ಪದ ಕಂಡಾಗ ಹೇಗೆ ಅರ್ಥ ಮಾಡ್ಕೊಳ್ಳೋದು

ಇಂಗ್ಲೆಂಡಿನ ಹಳೇ ದಾಖಲೆ ಓದಿ, ಇಲ್ಲಾ ಈಗಿನ ಮನೆ ಪತ್ರ ಓದಿ, ನೆಲ ಇಲ್ಲಾ ಮನೆ ಒಡೆತನಕ್ಕೆ ಸಂಬಂಧಪಟ್ಟ ಈ ಪದ ಸಿಕ್ಕೇ ಸಿಗತ್ತೆ. ಮೊದ್ಲು ಫ್ರೀ ಅಂದ್ರೆ ಪುಕ್ಕಟೆ ಅನ್ನೋದನ್ನ ತಲೆಯಿಂದ ತೆಗೆದುಬಿಡಿ.

ಹೋಲ್ಡರ್ ಕಡೆಯಿಂದ ಶುರು ಮಾಡಿ, ಸುಲಭ ಆಗತ್ತೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನ ಗೆದ್ದ ಮೇಲೆ ನೆಲ ಎಲ್ಲಾ ಕೊನೆಗೆ ರಾಜನದ್ದೇ ಅಂತಾಯ್ತು, ಉಳಿದೋರು ರಾಜನಿಂದಲೋ ಅವನ ಕೆಳಗಿನ ಧಣಿಯಿಂದಲೋ ಅದನ್ನ ಹಿಡ್ಕೊಂಡಿರೋರು ಅಷ್ಟೇ, ಅದಕ್ಕೇ ಹೋಲ್ಡರ್. ಟೆನೆಂಟ್ ಅನ್ನೋದೂ ಫ್ರೆಂಚಿನ ‘ಹಿಡಿ’ ಅನ್ನೋ ಕ್ರಿಯಾಪದದಿಂದ್ಲೇ ಬಂದಿದ್ದು. ಅಲ್ಲಿನ ವಕೀಲರ ಫ್ರೆಂಚಲ್ಲಿದ್ದ ಫ್ರಾಂಕ್ ಟೆನೆಮೆಂಟ್ ಅನ್ನೋದೇ ಇಂಗ್ಲಿಷಲ್ಲಿ ಫ್ರೀಹೋಲ್ಡ್ ಆಯ್ತು.

ಇನ್ನು ಫ್ರೀ. ವಿಲೆನ್ ಅಂತ ಕರೀತಿದ್ದ ಜೀತದ ರೈತ ವಾರದಲ್ಲಿ ಇಷ್ಟು ದಿನ ಅಂತ ಧಣಿ ಹೊಲದಲ್ಲಿ ದುಡೀಬೇಕಿತ್ತು, ಧಣಿ ಅವನನ್ನ ನೆಲದಿಂದ ಎಬ್ಬಿಸಿದ್ರೆ ರಾಜನ ಕೋರ್ಟಿಗೆ ಹೋಗೋ ಹಾಗಿರ್ಲಿಲ್ಲ. ಫ್ರೀಹೋಲ್ಡರ್‌ಗೂ ಕರಾರಿತ್ತು, ಗೇಣಿಯೋ ಸೇನೆಯ ಸೇವೆಯೋ, ಆದ್ರೆ ಅದು ಇಷ್ಟೇ ಅಂತ ಗೊತ್ತುಮಾಡಿದ್ದು, ಮತ್ತೆ ಅನ್ಯಾಯ ಆದ್ರೆ ರಾಜನ ಕೋರ್ಟ್ ಅವನಿಗೆ ತೆರೆದಿತ್ತು. ನನಗೆ ಈ ಪದದ ಜೀವ ಇರೋದೇ ಈ ಕೋರ್ಟ್ ಬಾಗಿಲಲ್ಲಿ ಅನ್ಸತ್ತೆ.

ಚುನಾವಣೆ ವಿಷ್ಯದಲ್ಲಿ ಈ ಪದ ಬಂದ್ರೆ ಮತದಾರ ಅಂತ ಓದ್ಕೊಳ್ಳಿ. 1430ರ ಕಾನೂನು ವರ್ಷಕ್ಕೆ 40 ಷಿಲಿಂಗ್ (ಆಗಿನ ನಾಣ್ಯ) ಆದಾಯ ತರೋ ಫ್ರೀಹೋಲ್ಡ್ ಇದ್ದೋರಿಗೆ ಮಾತ್ರ ಕೌಂಟಿಯಲ್ಲಿ, ಅಂದ್ರೆ ಅಲ್ಲಿನ ಜಿಲ್ಲೆಯಲ್ಲಿ, ಓಟು ಕೊಟ್ಟಿತ್ತು, 1832ರ ಸುಧಾರಣೆ ತನಕ ಅದೇ ನಡೀತು. ಅಮೆರಿಕದ ನ್ಯೂಜೆರ್ಸಿಯಲ್ಲಂತೂ ಕೌಂಟಿ ಪ್ರತಿನಿಧಿಗಳನ್ನೇ ಫ್ರೀಹೋಲ್ಡರ್ ಅಂತಿದ್ರು, 2021ರಿಂದ ಕಮಿಷನರ್ ಅಂತಾರೆ.

ಈಗಿನ ಇಂಗ್ಲೆಂಡ್, ವೇಲ್ಸ್ ಪತ್ರ ಆದ್ರೆ ಲ್ಯಾಂಡ್ ರಿಜಿಸ್ಟ್ರಿ ಅನ್ನೋ ಸರ್ಕಾರಿ ಆಸ್ತಿ ನೋಂದಣಿ ಕಚೇರಿಯ ಟೈಟಲ್ ರಿಜಿಸ್ಟರ್, ಅಂದ್ರೆ ಒಡೆತನದ ದಾಖಲೆ, ತೆಗೀರಿ. ಎ ಭಾಗದಲ್ಲಿ ಫ್ರೀಹೋಲ್ಡೋ ಲೀಸ್‌ಹೋಲ್ಡೋ ಅಂತಿರತ್ತೆ, ಬಿ ಭಾಗದಲ್ಲಿ ಮಾಲೀಕರ ಹೆಸರು. ಫ್ರೀಹೋಲ್ಡ್ ಅಂದ್ರೆ ಅವಧಿ ಇಲ್ಲದ ಒಡೆತನ, ಲೀಸ್‌ಹೋಲ್ಡ್ ಅಂದ್ರೆ ಇಂತಿಷ್ಟು ವರ್ಷ ಅಂತ ಗೊತ್ತುಮಾಡಿದ ಗುತ್ತಿಗೆ. ಫ್ಲ್ಯಾಟ್ ಆದ್ರೆ ಹುಷಾರು, ಸಾಮಾನ್ಯವಾಗಿ ಕೊಂಡೋರು 99 ಅಥವಾ 125 ವರ್ಷದಂಥ ಲೀಸ್‌ಹೋಲ್ಡರ್ ಆಗಿರ್ತಾರೆ, ಕಟ್ಟಡದ ಫ್ರೀಹೋಲ್ಡರ್ ಬೇರೆ ಯಾರೋ, ಹಾಗಾಗಿ ಲೀಸ್ ಇನ್ನೆಷ್ಟು ವರ್ಷ ಉಳಿದಿದೆ ಅಂತ ಅಲ್ಲೇ ಲೆಕ್ಕ ಹಾಕಿ.