ಮ್ಯಾಕ್ರೋ ಲೆನ್ಸ್ ಮಾರಿದ ಮೇಲೆ ಹೂವಿನ ಫೋಟೊ ಸರಿಯಾಯ್ತು

ಹೂವಿನ ಕ್ಲೋಸ್‌ಅಪ್ ಅಂದರೆ ಮ್ಯಾಕ್ರೋ ಲೆನ್ಸ್ (ಚಿಕ್ಕದ್ದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್), ಟ್ರೈಪಾಡ್, ಎಫ್ 16. ನಮ್ಮ ಕಡೆ ಕ್ಯಾಮೆರಾ ಹಿಡಿದವರೆಲ್ಲ ಹೇಳುವುದು ಇದನ್ನೇ. ನಾನು ಈಗ ತೆಗೆಯುವುದು ಮಾಮೂಲಿ 55-250 ಎಂ.ಎಂ. ಜೂಮ್‌ನಲ್ಲಿ. ಅದರ ಮುಂದೆ ಭೂತಗನ್ನಡಿಯಂಥ ಒಂದು ಕ್ಲೋಸ್‌ಅಪ್ ಲೆನ್ಸ್ ತಿರುಗಿಸಿಕೊಳ್ಳುತ್ತೇನೆ. ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸಿನ ತೂತು, ಬಹುಪಾಲು ಎಫ್ 5.6ರಿಂದ 8ರ ಒಳಗೇ. ಎಫ್ ಸಂಖ್ಯೆ ಹೆಚ್ಚಿದಷ್ಟೂ ತೂತು ಚಿಕ್ಕದು, ಚೂಪಾಗಿ ಕಾಣುವ ಆಳ ಹೆಚ್ಚು. "ಆ ಜೂಮ್‌ನಲ್ಲಿ ಹೂವಾ? ಸುಮ್ನೆ ಟೈಮ್ ವೇಸ್ಟ್ ಮಾರಾಯಾ" ಅಂದಿದ್ದ ಗೆಳೆಯರೇ ಹೋದ ಮಳೆಗಾಲದ ನನ್ನ ಕರ್ಣಕುಂಡಲ ಹೂವಿನ ಪ್ರಿಂಟ್ ನೋಡಿ, "ಇದು 100ರ ಮ್ಯಾಕ್ರೋ ಅಲ್ವಾ?" ಅಂತ ಕೇಳಿದರು. ಅಲ್ಲ ಅಂದಾಗ ಅವರ ಮುಖ ನೋಡಬೇಕಿತ್ತು.

ದುಡ್ಡು ಹೋದ ದಾರಿ ಮೊದಲು ಹೇಳುತ್ತೇನೆ. ಕೈಯಲ್ಲಿ 50 ಎಫ್ 1.8 ಇತ್ತು. ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ರಿವರ್ಸ್ ರಿಂಗ್ ತಂದೆ, ಇನ್ನೂರೈವತ್ತೋ ಮುನ್ನೂರೋ. ಹೆಚ್ಚುಕಡಿಮೆ 1:1, ಅಂದರೆ ಸೆನ್ಸರ್ ಮೇಲೆ ಹೂವು ನಿಜಗಾತ್ರದಲ್ಲೇ ಬೀಳುವಷ್ಟು, ಸಿಗುತ್ತದೆ, ನಿಜ. ಆದರೆ ಹೂವಿಗೂ ಗಾಜಿಗೂ ನಡುವೆ ಉಳಿಯುವುದು ಕೆಲವೇ ಸೆಂಟಿಮೀಟರ್. ಕ್ಯಾಮೆರಾದ ನೆರಳೇ ಹೂವಿನ ಮೇಲೆ. ಅಪರ್ಚರ್ ಕಿರಿದಾಗಿಯೇ ಇಡಲು ಪ್ರಿವ್ಯೂ ಬಟನ್ ಒತ್ತಿಕೊಂಡೇ ಲೆನ್ಸ್ ಬಿಚ್ಚುವ ಸರ್ಕಸ್ ಬೇರೆ. ಮನೆಯೊಳಗೆ ಸರಿ. ಮಲೆನಾಡಿನ ಜುಲೈ ತಿಂಗಳಲ್ಲಿ, ಜಿಟಿಜಿಟಿ ಮಳೆಯಲ್ಲಿ, ಲೆನ್ಸಿನ ಹಿಂಬದಿಯನ್ನು ಹೊರಗೆ ಮಾಡಿಕೊಂಡು ತೋಟದಲ್ಲಿ ಕೂರುವುದು ಬೇರೆಯೇ ಕತೆ.

ಆಮೇಲೆ ಎಕ್ಸ್‌ಟೆನ್ಶನ್ ಟ್ಯೂಬ್. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಖಾಲಿ ಕೊಳವೆ ಇದು. ಮೊದಲು ಆರುನೂರರ ಪ್ಲಾಸ್ಟಿಕ್ಕಿನದು. ಒಂದೇ ಮಳೆಗಾಲದಲ್ಲಿ ಲಟಪಟ ಅನ್ನತೊಡಗಿತು. ಆಮೇಲೆ ಕ್ಯಾಮೆರಾದಿಂದಲೇ ಅಪರ್ಚರ್ ಬದಲಿಸಲು ಕಾಂಟ್ಯಾಕ್ಟ್ ಇರುವುದು, ಮೂರು ಸಾವಿರದ ಮೇಲೆ. 50ಕ್ಕೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ತೊಂದರೆ ಬೆಳಕಿನದು. 1:1ರಲ್ಲಿ ಎಫ್ 11 ಇಟ್ಟರೆ ಸೆನ್ಸರ್‌ಗೆ ಸಿಗುವುದು ಎಫ್ 22ರ ಬೆಳಕು. ಅಡಿಕೆ ತೋಟದೊಳಗೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200ಕ್ಕೆ ಹೋದರೂ ಶಟರ್ ವೇಗ 1/60 ಸೆಕೆಂಡ್ ದಾಟುತ್ತಿರಲಿಲ್ಲ. ಇಷ್ಟೆಲ್ಲ ಕಷ್ಟಪಟ್ಟರೂ ಫೋಕಸ್ ನಿಲ್ಲುವುದು ಒಂದು ಮಿಲಿಮೀಟರಿಗಿಂತ ಕಡಿಮೆ ಜಾಗದಲ್ಲಿ. ತುಂಬೆ ಹೂವಿನ ತುಟಿ ಚೂಪಾದರೆ ಬುಡ ಮಾಯ. ಫೋಕಸ್ ಸ್ಟ್ಯಾಕಿಂಗ್ (ಬೇರೆಬೇರೆ ಕಡೆ ಫೋಕಸ್ ಮಾಡಿದ ಫೋಟೊಗಳನ್ನು ಒಂದಾಗಿ ಸೇರಿಸುವುದು) ಮಾಡೋಣ ಅಂದರೆ ಗಾಳಿ ಬಿಡಬೇಕಲ್ಲ.

ಕೊನೆಗೆ ಸೆಕೆಂಡ್‌ಹ್ಯಾಂಡ್ 60ರ ಮ್ಯಾಕ್ರೋ. ಹದಿನೇಳು ಸಾವಿರದ ಹತ್ತಿರ. ಲೆನ್ಸಿನ ತಪ್ಪೇನಿಲ್ಲ, ಬ್ಲೇಡಿನ ಹಾಗೆ ಚೂಪು. ಆದರೆ ಹಿಂದೆ ಇರುವ ಬೇಲಿ, ಸ್ಪ್ರಿಂಕ್ಲರ್ ಪೈಪು, ಒಣಗಿದ ಸೋಗೆ ಎಲ್ಲವೂ ಫ್ರೇಮಿನೊಳಗೆ ಬಂದು ಕೂರುತ್ತಿದ್ದವು. ಎಲ್ಲರೂ ಹೇಳಿದ ಎಫ್ 16 ಇಟ್ಟರೆ ಇನ್ನೂ ಕೆಟ್ಟದು. ಪೈಪಿನ ತೂತು ಎಣಿಸುವಷ್ಟು ಸ್ಪಷ್ಟ! ಮೇಲಿಂದ ಸೆನ್ಸರಿನ ಧೂಳೆಲ್ಲ ಕಪ್ಪು ಚುಕ್ಕೆಯಾಗಿ ಕಾಣುತ್ತಿತ್ತು. ಕ್ಲೀನ್ ಮಾಡಿಸಲು ಬೆಂಗಳೂರಿಗೆ ಹೋಗಿಬಂದ ಬಸ್ ಚಾರ್ಜೂ ಸೇರಿ ಎರಡು ಸಾವಿರ ಖರ್ಚು. ಲೆನ್ಸ್ ಹದಿನಾಲ್ಕಕ್ಕೆ ಮಾರಿದೆ.

ನನಗೆ ಹೊಳೆದದ್ದು ಆಗ. ಹೂವು ಫ್ರೇಮಿನಲ್ಲಿ ಅಷ್ಟೇ ದೊಡ್ಡದಾಗಿ, ಅದೇ ಅಪರ್ಚರಿನಲ್ಲಿ ಬಂದರೆ, ಲೆನ್ಸ್ 60 ಇರಲಿ 250 ಇರಲಿ, ಚೂಪಾಗಿ ಸಿಗುವ ಆಳ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಹಿನ್ನೆಲೆ. 60ರಲ್ಲಿ ಹಿಂದಿನ ಅರ್ಧ ತೋಟ ಕಾಣುತ್ತದೆ. 250ರಲ್ಲಿ ಒಂದು ಕೆಸುವಿನ ಎಲೆಯಷ್ಟು ಜಾಗ ಕಾಣುತ್ತದೆ, ಅಷ್ಟೆ. ಅದನ್ನು ನೀವೇ ಆರಿಸಿಕೊಳ್ಳಬಹುದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಪೈಪು ಹೋಗಿ ಹಸಿರು ಬರುತ್ತದೆ.

ಉದ್ದ ಲೆನ್ಸಿಗೆ ಟ್ಯೂಬ್ ಹಾಕಿ ಪ್ರಯೋಜನವಿಲ್ಲ. 65 ಎಂ.ಎಂ. ಟ್ಯೂಬ್ 50ಕ್ಕೆ 1.3 ಪಟ್ಟು ಕೊಟ್ಟರೆ 250ಕ್ಕೆ ಕೊಡುವುದು ಕಾಲು ಪಟ್ಟು. ಅದಕ್ಕೆ ಬೇಕಾದ್ದು ಕ್ಲೋಸ್‌ಅಪ್ ಲೆನ್ಸ್. ಅಗ್ಗಕ್ಕೆ ನಾಲ್ಕು ಬರುವ ಸೆಟ್ ತಗೊಳ್ಳಬೇಡಿ, ಬಿಳಿ ತುಂಬೆಯ ಅಂಚಿಗೆಲ್ಲ ನೇರಳೆ ಗೆರೆ ಬರುತ್ತದೆ. ಎರಡು ಗಾಜು ಅಂಟಿಸಿದ್ದು ಬೇಕು. ನನ್ನದು ಕ್ಯಾನನ್ 500ಡಿ. ಇದೇ ಹೆಸರಿನ ಕ್ಯಾಮೆರಾನೂ ಇರುವುದರಿಂದ ಅಂಗಡಿಗೆ ಫೋನ್ ಮಾಡಿದಾಗಲೆಲ್ಲ "ಬಾಡಿ ಇದೆ ಸರ್, ಬ್ಯಾಟರಿ ಹೊಸದು" ಅನ್ನುತ್ತಿದ್ದರು! ಕೊನೆಗೆ 58ರ ಅಳತೆಯದು ಹಳೆಯದೊಂದು ಐದು ಸಾವಿರದ ಆಸುಪಾಸಿಗೆ ಸಿಕ್ಕಿತು. ಜೂಮ್ 250ಕ್ಕೆ ಎಳೆದು ಫೋಕಸ್ ಇನ್ಫಿನಿಟಿಗೆ (ತೀರಾ ದೂರಕ್ಕೆ) ಇಟ್ಟರೆ ಅರ್ಧ ಮೀಟರ್ ದೂರದಿಂದಲೇ 1:2 ಬರುತ್ತದೆ. ಟ್ಯೂಬಿನ ಹಾಗೆ ಬೆಳಕು ತಿನ್ನುವುದಿಲ್ಲ. ನಾಚಿಕೆ ಮುಳ್ಳಿನ ಹೂವಿಗೆ ತುಡುವೆ ಜೇನು ಬಂದರೂ ಹಾರಿಹೋಗುವುದಿಲ್ಲ, ತನ್ನ ಪಾಡಿಗೆ ಪರಾಗ ಮೆತ್ತಿಕೊಳ್ಳುತ್ತಿರುತ್ತದೆ.

ಇನ್ನು ಅಪರ್ಚರ್. ನಾನು ಮೊದಲು ಹೂವನ್ನು ನೋಡುವುದಿಲ್ಲ, ಅದರ ಹಿಂದೆ ಏನಿದೆ ನೋಡುತ್ತೇನೆ. ಹಿಂದಿನ ಎಲೆ ಒಂದು ಗೇಣು ದೂರದಲ್ಲಿದ್ದರೆ ಎಫ್ 5.6. ಒಂದು ಮೊಳ ಇದ್ದರೆ 8. ಒಂದು ಮಾರು ಖಾಲಿ ಇದ್ದರೆ ಧೈರ್ಯವಾಗಿ 11. ಅದರ ಮೇಲೆ ನಾನು ಹೋಗುವುದೇ ಇಲ್ಲ.

ಹೂವಿನ ಆಕಾರ ಆಮೇಲಿನ ಮಾತು. ಕರ್ಣಕುಂಡಲ ಎದುರಿನಿಂದ ಚಪ್ಪಟೆ, 5.6 ಸಾಕು. ಹಿಂದಿನ ಬಾಲವೂ ಬೇಕಾದರೆ ಪಕ್ಕದಿಂದ 8ರಲ್ಲಿ. ದಾಸವಾಳ ಎಲ್ಲರನ್ನೂ ಸತಾಯಿಸುತ್ತದೆ. ಎದುರಿನಿಂದ ತೆಗೆದರೆ ಮುಂದೆ ಚಾಚಿದ ಕೇಸರದ ಕಡ್ಡಿ ಒಂದು ಕಡೆ, ದಳ ಇನ್ನೊಂದು ಕಡೆ. ಎಫ್ 22 ಇಟ್ಟರೂ ಪೂರ್ತಿ ಸಿಗುವುದಿಲ್ಲ, ಫೋಟೊ ಮಸುಕಾಗುವುದೊಂದೇ ಲಾಭ. ಪಕ್ಕಕ್ಕೆ ಹೋಗಿ, ಕಡ್ಡಿ ಸೆನ್ಸರಿಗೆ ಸಮಾನಾಂತರವಾಗುವ ಹಾಗೆ ನಿಂತರೆ 8ರಲ್ಲೇ ಬುಡದಿಂದ ತುದಿವರೆಗೆ ಚೂಪು. ಕೇಪಳದ ಗೊಂಚಲು ಉಬ್ಬಿರುವುದರಿಂದ ಅದಕ್ಕೆ 11. ಕೆಂಪು ಹೂವಿಗೆಲ್ಲ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಹತ್ತಿರ ಇಳಿಸುತ್ತೇನೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಇಲ್ಲದಿದ್ದರೆ ದಳದ ಗೆರೆಗಳೆಲ್ಲ ಕರಗಿ ಕುಂಕುಮ ಮೆತ್ತಿದ ಹಾಗೆ ಕಾಣುತ್ತದೆ. ಮರದ ಮೇಲೆ ಬೆಳೆಯುವ ಆರ್ಕಿಡ್ ಸೀತಾಳೆ ದಂಡೆಗೆ ಕ್ಲೋಸ್‌ಅಪ್ ಲೆನ್ಸ್ ಬಿಚ್ಚಿ ಬರೀ ಜೂಮ್. ಅದು ಎಲ್ಲಿ ಸಿಗುತ್ತದೆ ಅಂತ ಮಾತ್ರ ಕೇಳಬೇಡಿ. ಒಂದು ಸಲ ಹೇಳಿದ್ದಕ್ಕೆ ಮುಂದಿನ ವರ್ಷ ಆ ಮರದಲ್ಲಿ ಗಿಡವೇ ಇರಲಿಲ್ಲ.

ಟ್ರೈಪಾಡ್ ಕಾರಿನಲ್ಲೇ ಇರುತ್ತದೆ. ಐಎಸ್ಒ 800ರಿಂದ 1600, ಶಟರ್ 1/250, ಮ್ಯಾನುಯಲ್ ಫೋಕಸ್. ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಐದಾರು ಕ್ಲಿಕ್. ಒಂದು ಸರಿ ಬರುತ್ತದೆ. ಗಾಳಿಗೆ ದೊಡ್ಡ ಕೊಡೆ ಅಡ್ಡ. ದಂಟು ಅಲ್ಲಾಡದ ಹಾಗೆ ಹಿಡಿಯಲು ಸೈಕಲ್ ಅಂಗಡಿಯ ಒಂದು ಸಾಮಾನಿನಿಂದ ಏನೋ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬೆಳಕಿಗೆ ಇನ್ನೊಂದು ಪ್ರಯೋಗ ಫಲ ಕೊಟ್ಟಿತು. ಆಗಷ್ಟೇ ಬಿದ್ದ ಅಡಿಕೆ ಹಾಳೆಯ ಒಳಬದಿ ಬೆಣ್ಣೆ ಬಣ್ಣದ ರಿಫ್ಲೆಕ್ಟರ್. ಹೂವಿನ ಕೆಳಗೆ ಹಿಡಿದರೆ ನೆರಳು ಮೆತ್ತಗಾಗುತ್ತದೆ, ಬಣ್ಣವೂ ಸ್ವಲ್ಪ ಬೆಚ್ಚಗಾಗುತ್ತದೆ. ಬಿಳಿ ಹೂವಿಗೆ ಮಾತ್ರ ಬೇಡ, ಹಳದಿ ಹೊಡೆಯುತ್ತದೆ. ಒಣಗಿದ ಹಾಳೆಯೂ ನಡೆಯುವುದಿಲ್ಲ.

ಈಗ ಹಳೇ ಫಿಲ್ಮ್ ಕಾಲದ 135 ಎಂ.ಎಂ. ಲೆನ್ಸ್ ಒಂದು ಸಾವಿರದೈನೂರಕ್ಕೆ ಸಿಕ್ಕಿದೆ, ಅಡಾಪ್ಟರಿಗೆ ಬೇರೆ ಮುನ್ನೂರು. ಇದಕ್ಕೆ ಆ ಮೂರು ಸಾವಿರದ ಟ್ಯೂಬ್ ಹಾಕಿದರೆ ಅರ್ಧ ಪಟ್ಟು ಬರುತ್ತದೆ, ಹಾಕಿದ ದುಡ್ಡೂ ದಂಡವಾಗಲಿಲ್ಲ. ಎಫ್ 4ರಲ್ಲಿ ಹಿಂದಿನ ಇಬ್ಬನಿ ಹನಿಗಳು ದುಂಡಗೆ ಬರುತ್ತಿವೆ. ಆದರೆ ಎದುರು ಬೆಳಕಿದ್ದರೆ ಫೋಟೊ ಪೂರ್ತಿ ಬೆಳ್ಳಗಾಗುತ್ತದೆ. ಅದಕ್ಕೆ ಕಪ್ಪು ಡ್ರಾಯಿಂಗ್ ಶೀಟಿನಿಂದ ಲೆನ್ಸಿನ ಮುಂದೆ ಹಾಕುವ ಹುಡ್ ಮಾಡಿದ್ದೆ, ಮೊದಲ ಮಳೆಗೇ ಮುದ್ದೆಯಾಯಿತು. ಈಗ ಪಿವಿಸಿ ಪೈಪಿನ ತುಂಡು ಕೊಯ್ಯಲು ಕೊಟ್ಟಿದ್ದೇನೆ.