ಡಿಸ್ಕ್ ಬದಲಾಯಿಸದೆ ಟೆಂಪ್ ಫೈಲುಗಳ ಕಾಟ ನಿಲ್ಲಿಸಿದ್ದು: ನನ್ನ ಅನುಭವ

"ಡಿಸ್ಕ್ ಬದಲಾಯಿಸದೆ ಇದು ಸರಿಹೋಗಲ್ಲ" ಎಂದು ತಂಡದಲ್ಲಿ ಎಲ್ಲರೂ ಹೇಳಿದ್ದರು. ಈಗ 8 ತಿಂಗಳಾಯಿತು. ಅದೇ ಡಿಸ್ಕ್, ಅದೇ ಸರ್ವರ್, 11 ಅಪ್ಲಿಕೇಶನ್‌ಗಳು ಆರಾಮಾಗಿ ಓಡುತ್ತಿವೆ.

ತೊಂದರೆ ಹೀಗಿತ್ತು. ಒಂದು ಅಪ್ಲಿಕೇಶನ್ ದೊಡ್ಡ ರಿಪೋರ್ಟ್ ತೆಗೆಯಲು ಶುರು ಮಾಡಿದರೆ ಉಳಿದ ಹತ್ತೂ ನಿಂತುಬಿಡುತ್ತಿದ್ದವು. ಸಿಪಿಯು ಖಾಲಿ. ಡಿಸ್ಕಿನ ಓದು-ಬರಹ ತೋರಿಸುವ ಐಒಸ್ಟಾಟ್ ನೋಡಿದರೆ ಸೆಕೆಂಡಿಗೆ 7-8 ಎಂಬಿ ಬರೆಯುತ್ತಿತ್ತು, ಅಷ್ಟೇ. ಆದರೆ ಒಂದೊಂದು ರೈಟ್ ಮುಗಿಯಲು 150-200 ಮಿಲಿಸೆಕೆಂಡ್! ವೇಗದ ಡಿಸ್ಕಿಗೆ ತಿಂಗಳ ಬಾಡಿಗೆ ಹತ್ತಿರ ಹತ್ತಿರ ಎರಡು ಪಟ್ಟು. ಒಂದು ತಿಂಗಳು ಅದನ್ನೂ ಕಟ್ಟಿ ನೋಡಿದೆವು. ಕಾಯುವುದು ಕಮ್ಮಿಯಾಯಿತು, ನಿಲ್ಲಲಿಲ್ಲ. ದುಡ್ಡು ಹೋಯಿತು. ಹಳೇ ಡಿಸ್ಕಿಗೇ ವಾಪಸ್ ಬಂದೆವು.

ಟೆಂಪನ್ನು (ಪ್ರೋಗ್ರಾಂಗಳು ಸ್ವಲ್ಪ ಹೊತ್ತಿಗೆಂದು ಬರೆದು ಅಳಿಸುವ ಫೈಲುಗಳು) ಟಿಎಂಪಿಎಫ್‌ಎಸ್‌ಗೆ, ಅಂದರೆ ರ‍್ಯಾಮ್‌ನಲ್ಲೇ ಇರುವ ಫೈಲ್ ಸಿಸ್ಟಂಗೆ, ಹಾಕೋಣ ಎಂದು ನಾನು ಹೇಳಿದಾಗ ಹಿರಿಯರೊಬ್ಬರು ಕೇಳಿದರು: "ಫೈಲು ಹೇಗಿದ್ದರೂ ರ‍್ಯಾಮ್‌ನ ಪೇಜ್ ಕ್ಯಾಶ್‌ನಲ್ಲೇ ಇರುತ್ತಲ್ವಾ? 30 ಸೆಕೆಂಡಿನೊಳಗೆ ಅಳಿಸಿದರೆ ಡೇಟಾ ಡಿಸ್ಕ್ ಮುಟ್ಟೋದೇ ಕಮ್ಮಿ. ಏನ್ ಉಳಿಸ್ತೀಯಾ?"

ಮಾತು ಸರಿ. ಆದರೆ ಯಾರೂ 'ಈಗಲೇ ಡಿಸ್ಕಿಗೆ ಬರೆ' ಎನ್ನುವ ಎಫ್‌ಸಿಂಕ್ ಕರೆಯದಿದ್ದರೆ ಮಾತ್ರ. ಎಸ್‌ಟ್ರೇಸ್ (ಪ್ರೋಗ್ರಾಂ ಸಿಸ್ಟಂಗೆ ಮಾಡುವ ಕರೆಗಳನ್ನು ತೋರಿಸುವ ಸಾಧನ) ಹಾಕಿ ಎರಡು ದಿನ ಕೂತೆ. ರಿಪೋರ್ಟ್ ಲೈಬ್ರರಿ ಪ್ರತಿ ಪುಟಕ್ಕೂ ಒಂದು ಟೆಂಪ್ ಫೈಲ್ ಬರೆದು, ಎಫ್‌ಸಿಂಕ್ ಮಾಡಿ, ಕೂಡಲೇ ಅಳಿಸುತ್ತಿತ್ತು. ನಮ್ಮ ಡಿಸ್ಕಿನ ಫೈಲ್ ಸಿಸ್ಟಂ ಆದ ಇಎಕ್ಸ್‌ಟಿ4ನಲ್ಲಿ ಹೊಸ ಫೈಲಿನ ಎಫ್‌ಸಿಂಕ್ ಎಂದರೆ ಜರ್ನಲ್ ಕಮಿಟ್, ಅಂದರೆ ಬಾಕಿ ಬದಲಾವಣೆಗಳ ದಾಖಲೆಯನ್ನು ಒಟ್ಟಿಗೆ ಡಿಸ್ಕಿಗೆ ಬರೆಯುವುದು. ಪಕ್ಕದ ಅಪ್ಲಿಕೇಶನ್‌ಗಳ ಬದಲಾವಣೆಗಳೂ ಅದೇ ಕಮಿಟ್‌ನಲ್ಲಿ ಸೇರಿರುತ್ತವೆ, ಹಾಗಾಗಿ ಅವೂ ಕಾಯಬೇಕು. ಟಿಎಂಪಿಎಫ್‌ಎಸ್‌ನಲ್ಲಿ ಎಫ್‌ಸಿಂಕ್‌ಗೆ ಮಾಡುವ ಕೆಲಸವೇ ಇಲ್ಲ, ತಕ್ಷಣ ವಾಪಸ್ ಬರುತ್ತದೆ. ನಾನು ಹುಡುಕುತ್ತಿದ್ದದ್ದು ಇದನ್ನೇ.

ಮೊದಲ ಸಲ ಇಡೀ ಟೆಂಪ್ ಫೋಲ್ಡರನ್ನೇ ರ‍್ಯಾಮ್‌ಗೆ ಹಾಕಿದೆ, ಮಿತಿ ಕೊಡಲಿಲ್ಲ. ಮಿತಿ ಕೊಡದಿದ್ದರೆ ಅರ್ಧ ರ‍್ಯಾಮ್ ತನಕ ಬೆಳೆಯುತ್ತದೆ. ನಮ್ಮಲ್ಲಿ 32 ಜಿಬಿ ಇತ್ತು. ಮೂರನೇ ದಿನ ಯಾರೋ ತೆಗೆದ ಎಕ್ಸ್‌ಪೋರ್ಟ್ 11 ಜಿಬಿ ತಿಂದಿತು. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ತುಂಬಿತು, ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಓಓಎಂ ಕಿಲ್ಲರ್ ಡೇಟಾಬೇಸನ್ನೇ ಕೊಂದಿತು. ಸುಮಾರು 40 ನಿಮಿಷ ಎಲ್ಲವೂ ಬಂದ್.

ಎರಡನೇ ಸಲ ಸಣ್ಣ ಫೈಲುಗಳನ್ನು ಮಾತ್ರ ಸಾಗಿಸಿದೆ. ಒಂದೊಂದು ಅಪ್ಲಿಕೇಶನ್‌ಗೂ ಬೇರೆ ಬೇರೆ ಟಿಎಂಪಿಎಫ್‌ಎಸ್ ಮೌಂಟ್ (ಪ್ರತ್ಯೇಕ ಜಾಗ), ಹೆಚ್ಚಿನವಕ್ಕೆ 512 ಎಂಬಿ. ಟೆಂಪ್ ಜಾಗ ಎಲ್ಲಿದೆ ಎಂದು ಪ್ರೋಗ್ರಾಂಗಳಿಗೆ ಹೇಳುವ ಟಿಎಂಪಿಡಿಐಆರ್ (TMPDIR) ವೇರಿಯಬಲ್ ಅಲ್ಲಿಗೆ ತಿರುಗಿಸಿದೆ. ಜಾವಾ ಅದನ್ನು ನೋಡುವುದಿಲ್ಲ, ಅದಕ್ಕೆ ಅದರದೇ ಪ್ರಾಪರ್ಟಿ ಕೊಡಬೇಕು. ಈಗ ಯಾರ ಜಾಗ ತುಂಬಿದರೂ ಎರರ್ ಅವರಿಗೆ ಮಾತ್ರ. ಯಾರಿಗೆ ಎಷ್ಟು ಎಂದು ಲೆಕ್ಕ ಹಾಕುವ ಸ್ಕ್ರಿಪ್ಟ್ ನನ್ನದೇ, ಅದನ್ನು ಸದ್ಯ ಹಂಚಿಕೊಳ್ಳುವುದಿಲ್ಲ. ಒಂದು ವಾರ ಗರಿಷ್ಠ ಬಳಕೆ ಗಮನಿಸಿ ಅನ್ನುವಷ್ಟು ಹೇಳುತ್ತೇನೆ.

ಅಪ್‌ಲೋಡ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಟೆಂಪ್ ರ‍್ಯಾಮ್‌ನಲ್ಲಿ, ಕೊನೆಯ ಫೋಲ್ಡರ್ ಡಿಸ್ಕಿನಲ್ಲಿ ಇದ್ದರೆ ರೀನೇಮ್ ಆಗುವುದಿಲ್ಲ, ಪೂರ್ತಿ ಕಾಪಿ ಆಗುತ್ತದೆ. ದೊಡ್ಡ ವಿಡಿಯೊಗಳು ಬಂದಾಗ ಮೊದಲಿಗಿಂತ ನಿಧಾನವಾಯಿತು. ಅಪ್‌ಲೋಡ್ ಟೆಂಪನ್ನು ಮತ್ತೆ ಅದೇ ಡಿಸ್ಕಿಗೆ ತಂದೆ.

ನಡುವೆ ಸುಮ್ನೆ ಫೈಲು ಓದಿದ ಸಮಯವನ್ನು ಬರೆಯದಂತೆ ಮಾಡುವ ನೋಎಟೈಮ್ ಹಾಕಿ ನೋಡಿದೆ. ಆ ಬರಹವನ್ನು ಕಮ್ಮಿ ಮಾಡುವ ರಿಲ್‌ಎಟೈಮ್ ಮೊದಲೇ ಇದ್ದದ್ದರಿಂದ ವ್ಯತ್ಯಾಸ ಕಾಣಲಿಲ್ಲ. ಜರ್ನಲ್ ತಾನಾಗಿ ಬರೆಯುವ ಕಮಿಟ್ ಅವಧಿಯನ್ನು 5 ಸೆಕೆಂಡಿನಿಂದ 60ಕ್ಕೆ ಏರಿಸಿದೆ, ಅದೂ ದಂಡ. ಎಫ್‌ಸಿಂಕ್ ಆ ಅವಧಿಗೆ ಕಾಯುವುದೇ ಇಲ್ಲವಲ್ಲ. ಆದರೆ ತೆರೆದಿರುವ ಫೈಲುಗಳನ್ನು ತೋರಿಸುವ ಎಲ್‌ಎಸ್‌ಒಎಫ್ ಓಡಿಸಿದ್ದು ಒಳ್ಳೆಯದಾಯಿತು. ಅಳಿಸಿದ್ದರೂ ಪ್ರೊಸೆಸ್ ಹಿಡಿದುಕೊಂಡಿದ್ದ ಫೈಲುಗಳು 4 ಜಿಬಿಯಷ್ಟು ಸಿಕ್ಕವು.

ಈಗ ರೈಟ್‌ಗೆ 6-7 ಮಿಲಿಸೆಕೆಂಡ್. 3 ನಿಮಿಷ ಹಿಡಿಯುತ್ತಿದ್ದ ರಿಪೋರ್ಟ್ 40 ಸೆಕೆಂಡಿಗೆ ಬರುತ್ತದೆ. ಪ್ರಶ್ನೆ ಕೇಳಿದ್ದ ಹಿರಿಯರೇ ತಮ್ಮ ಸರ್ವರ್‌ಗೂ ಹಾಕಿಸಿಕೊಂಡರು. ಸೆಷನ್ ಫೈಲುಗಳನ್ನು ಮಾತ್ರ ನಾನು ಮುಟ್ಟಿಲ್ಲ. ರೀಬೂಟ್ ಆದರೆ ರ‍್ಯಾಮ್‌ನಲ್ಲಿದ್ದದ್ದು ಹೋಗುತ್ತದೆ, ಎಲ್ಲರೂ ಮತ್ತೆ ಲಾಗಿನ್ ಆಗಬೇಕು. ಅವು ಡಿಸ್ಕಿನಲ್ಲೇ ಇವೆ.